ತಾಳೆ ನೋಡಿದಿಯಾ?

ಈ ತಿಂಗಳು ಈ ಪುಟಗಳಲ್ಲಿ ಬೇರೊಂದು ವಿಷಯವನ್ನು ಬರೆಯಬೇಕೆಂದು ಟಿಪ್ಪಣಿಗಳನ್ನು ಸಿದ್ಧಪಡಿಸಿಕೊಂಡಿದ್ದೆನು. ಅಷ್ಟರಲ್ಲಿ ದಸರೆಯ ರಜೆಗೆಂದು ಮಗಳು ಮೊಮ್ಮಗಳನ್ನು ಕರೆದುಕೊಂಡು ಬಂದಳು. ಬಂದ ದಿನವೇ ರಾತ್ರಿ ಅಳಿಯಂದಿರ ಫೋನೂ ಬಂದಿತು. ಮೊಮ್ಮಗಳು ಪಿಯುಸಿ ಮೊದಲನೆಯ ವರ್ಷದ ವಿಜ್ಞಾನ ವಿಭಾಗದಲ್ಲಿ ಓದುತ್ತಿರುವಳು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಗಣಿತಕ್ಕೆ 100ಕ್ಕೆ 28 ಅಂಕಗಳು ಬಂದಿವೆಯಂತೆ. ಹೆಣ್ಣುಮಗುವನ್ನು ಸುಮ್ಮನೆ ಕಷ್ಟಕ್ಕೆ ಗುರಿಮಾಡುವುದೇಕೆ, ಬರುವ ವರ್ಷ ಕಲಾ ವಿಭಾಗಕ್ಕೆ ಸೇರಿಸಿಬಿಡೋಣ, ಹಿರಿಯರಾದ ನೀವೇ ಅವಳಿಗೆ ನಾಲ್ಕು ಮಾತು ಹೇಳಿ ಒಪ್ಪಿಸಬೇಕು ಎಂಬುದು ಅವರ ಕೋರಿಕೆ. ಕಲಾ ವಿಭಾಗವೇನೂ ಕೀಳಲ್ಲ. ನನ್ನ ಆಯುಷ್ಯವೆಲ್ಲ ಕಾವ್ಯ, ವ್ಯಾಕರಣಗಳಲ್ಲಿಯೇ ಕಳೆದಿದೆ. ಆದರೆ ಅದು ಇಷ್ಟಪಟ್ಟು ಹೋಗುವ ಮನೆಯಾಗಬೇಕು, ಹೊರಗೆ ದಬ್ಬಿಸಿಕೊಂಡವರು ನಿಲ್ಲುವ ಜಗುಲಿಯಾಗಬಾರದು. ‘ಹೇಳುತ್ತೇನೆ’ ಎಂದು ಅಳಿಯಂದಿರಿಗೆ ಮಾತು ಕೊಟ್ಟೆನಾದರೂ, ಹೇಳುವುದಕ್ಕೆ ಮೊದಲು ಆ ಉತ್ತರಪತ್ರಿಕೆಯನ್ನು ಒಮ್ಮೆ ನೋಡಬೇಕೆನಿಸಿತು.

ನಾನು ಗಣಿತದ ಅಧ್ಯಾಪಕನಲ್ಲ. ಮಠದ ಪ್ರಸಾದನಿಲಯದಲ್ಲಿ ಉಂಡು ಅಲ್ಲಿಯ ಸಂಸ್ಕೃತ ಪಾಠಶಾಲೆಯಲ್ಲಿ ಓದಿದವನು. ವಾರಕ್ಕೆ ಎರಡು ದಿನ ನಮ್ಮ ಗುರುಗಳು ಭಾಸ್ಕರಾಚಾರ್ಯರ ‘ಲೀಲಾವತಿ’ಯನ್ನೂ ‘ಬೀಜಗಣಿತ’ವನ್ನೂ ಪಾಠ ಹೇಳುತ್ತಿದ್ದರು. ಪಾಟಿಯ ಮೇಲೆ ಉತ್ತರ ಬರೆದು ತೋರಿಸಿದರೆ ಅವರು ಪಾಟಿಯನ್ನು ನೋಡುತ್ತಲೇ ಇರಲಿಲ್ಲ. ನಮ್ಮ ಮುಖ ನೋಡಿ ‘ತಾಳೆ ನೋಡಿದಿಯಾ?’ ಎಂದು ಕೇಳುವರು. ಬಂದ ಉತ್ತರವನ್ನು ಮರಳಿ ಪ್ರಶ್ನೆಯೊಳಕ್ಕೆ ಹಾಕಿ, ಪ್ರಶ್ನೆ ಹೇಳಿದ ಮಾತೆಲ್ಲ ನಿಜವಾಯಿತೇ ಎಂದು ಪರೀಕ್ಷಿಸುವುದೇ ತಾಳೆ. ಅದಾಗುವವರೆಗೆ ಅವರ ಲೆಕ್ಕದಲ್ಲಿ ಉತ್ತರವೆಂಬುದು ಹುಟ್ಟಿಯೇ ಇರುತ್ತಿರಲಿಲ್ಲ.

ಪತ್ರಿಕೆಯನ್ನು ಓದಿದಾಗ ತಿಳಿದುದು ಇಷ್ಟು: ಬಿರುಕು ಈ ವರ್ಷದ್ದಲ್ಲ, ಹಿಂದಿನದು. ಆದುದರಿಂದ ಹತ್ತನೆಯ ತರಗತಿಯ ಪುಸ್ತಕವನ್ನೇ ತೆರೆದು, ಪಡಸಾಲೆಯಲ್ಲಿ ಜಮಖಾನ ಹಾಸಿಕೊಂಡು ಕುಳಿತೆವು. ಒಂದು ಆಯತಾಕಾರದ ನಿವೇಶನದ ಉದ್ದವು ಅಗಲಕ್ಕಿಂತ 7 ಮೀಟರು ಹೆಚ್ಚು, ವಿಸ್ತೀರ್ಣ 120 ಚದರ ಮೀಟರು, ಹಾಗಾದರೆ ಅಗಲವೆಷ್ಟು? ಪುಸ್ತಕದಲ್ಲಿ ಅವ್ಯಕ್ತ ಸಂಖ್ಯೆಗೆ ಇಂಗ್ಲಿಷಿನ ಎಕ್ಸ್ ಅಕ್ಷರವಿದ್ದಿತು. ನಾನು ನನ್ನ ರೂಢಿಯಂತೆ ‘ಯಾ’ ಎಂದು ಬರೆದೆನು. ‘ಯಾವತ್ ತಾವತ್’, ಅಂದರೆ ‘ಎಷ್ಟೋ ಅಷ್ಟು’ ಎಂಬುದರ ಮೊದಲಕ್ಷರವದು. ಇನ್ನೊಂದು ಅವ್ಯಕ್ತ ಬೇಕಾದಾಗ ನಮ್ಮ ಹಳೆಯ ಗಣಿತಜ್ಞರು ಕಪ್ಪು, ನೀಲಿ ಎಂದು ಬಣ್ಣಗಳ ಹೆಸರಿಡುತ್ತಿದ್ದರು. ಮೊಮ್ಮಗಳಿಗೆ ಇದು ಬಹಳ ಮೋಜೆನಿಸಿತು.

ಅಗಲ ಯಾ, ಉದ್ದ ಯಾ + 7; ಗುಣಿಸಿ ಒಂದೇ ಕಡೆಗೆ ತಂದರೆ ಯಾ² + 7ಯಾ − 120 = 0. ಇಲ್ಲಿಯವರೆಗೆ ಅವಳ ಕೈ ಎಲ್ಲಿಯೂ ತಡೆಯಲಿಲ್ಲ. ಮುಂದೆ 15 ಮತ್ತು 8 ಎಂಬ ಅಪವರ್ತನಗಳನ್ನು ಹುಡುಕಿದ್ದೂ ಸರಿ. ಆದರೆ ಯಾವುದಕ್ಕೆ ಧನ, ಯಾವುದಕ್ಕೆ ಋಣ ಎಂಬಲ್ಲಿ ಅದಲುಬದಲು ಮಾಡಿ, ಅಗಲ 15 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು.

“ತಾಳೆ ನೋಡಿದಿಯೇನು, ತಂಗೀ?”

“ತಾಳೆ ನೋಡೂದಕ್ಕ ಮಾರ್ಕ್ಸ್ ಇಲ್ಲ ಅಜ್ಜಾ.”

ಅವಳು ಹೇಳಿದ್ದು ಸುಳ್ಳೆಂದು ನಾನು ಹೇಳಲಾರೆ. ಆದರೂ ಮಾಡಿಸಿದೆನು. ಅಗಲ 15 ಆದರೆ ಉದ್ದ 22, ವಿಸ್ತೀರ್ಣ 330. ನಿವೇಶನವು ಸುಮಾರು ಮೂರು ಪಟ್ಟು ಬೆಳೆದುಹೋಗಿತ್ತು! ಅವಳು ನಕ್ಕು, ತಾನಾಗಿಯೇ ಹಿಂದಿನ ಗೆರೆಗೆ ಹೋಗಿ ಚಿಹ್ನೆಗಳನ್ನು ತಿದ್ದಿದಳು: (ಯಾ + 15)(ಯಾ − 8) = 0. ಅಗಲ 8, ಉದ್ದ 15.

ಆಗ ನಾನು, “ಎಲ್ಲವನ್ನೂ ಒಂದು ಕಡೆಗೆ ತಂದು ಸೊನ್ನೆಗೆ ಸಮ ಮಾಡುವುದೇಕೆ? 120 ಅಲ್ಲಿಯೇ ಇದ್ದರೆ ಏನು ತೊಂದರೆ?” ಎಂದು ಕೇಳಿದೆನು. ‘ಹಾಗೆ ಮಾಡಬೇಕು’ ಎಂಬುದಷ್ಟೇ ಅವಳಿಗೆ ಗೊತ್ತಿತ್ತು. ಎರಡು ಸಂಖ್ಯೆಗಳ ಗುಣಲಬ್ಧ 120 ಎಂದರೆ ಆ ಸಂಖ್ಯೆಗಳ ವಿಷಯದಲ್ಲಿ ನಮಗೆ ಏನೂ ನಿಶ್ಚಯವಾಗುವುದಿಲ್ಲ. 10 ಮತ್ತು 12 ಇರಬಹುದು, ಅರ್ಧ ಮತ್ತು 240 ಇರಬಹುದು. ಆದರೆ ಗುಣಲಬ್ಧ ಸೊನ್ನೆ ಎಂದೊಡನೆ ಎರಡರಲ್ಲಿ ಒಂದು ಸೊನ್ನೆಯಾಗಿರಲೇಬೇಕು. ಸೊನ್ನೆಯೊಂದೇ ಗುಟ್ಟು ಬಿಟ್ಟುಕೊಡುವ ಸಾಕ್ಷಿ. ಇದನ್ನು ಕೇಳಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಯಾರೂ ಹೇಳಿರಲಿಲ್ಲ” ಎಂದಳು. ಹೇಳಿಯೂ ಇರಬಹುದು, ನಲವತ್ತು ನಿಮಿಷದ ತರಗತಿಯಲ್ಲಿ ಎಲ್ಲವೂ ಎಲ್ಲರ ಕಿವಿಗೆ ಬೀಳುವುದಿಲ್ಲ.

ಉಳಿದದ್ದು −15. ‘ಋಣ ಉತ್ತರ ಬಂದರೆ ಬಿಡಬೇಕು’ ಎಂಬುದು ಅವಳು ಬಾಯಿಪಾಠ ಮಾಡಿದ ಸೂತ್ರ. ಏಕೆ ಬಿಡಬೇಕು? ಋಣವೇನು ಅಸ್ಪೃಶ್ಯವೇ? ಬ್ರಹ್ಮಗುಪ್ತನು 628ರಲ್ಲಿಯೇ ಧನ, ಋಣ, ಶೂನ್ಯಗಳನ್ನು ಕೂಡುವ, ಕಳೆಯುವ, ಗುಣಿಸುವ ನಿಯಮಗಳನ್ನು ಹೇಳಿದ್ದಾನೆ. ಧನವೆಂದರೆ ಇದ್ದ ಆಸ್ತಿ, ಋಣವೆಂದರೆ ತೀರಿಸಬೇಕಾದ ಸಾಲ. ಸಾಲವು ಸುಳ್ಳೆಂದು ಯಾವ ಗೃಹಸ್ಥನೂ ಹೇಳಲಾರನು. ಇಲ್ಲಿ −15ನ್ನು ಬಿಡುವುದು ಅದು ಋಣವೆಂದಲ್ಲ, ನಾವು ಕೇಳಿದ್ದು ಅಗಲವೆಂದು. ಸಮೀಕರಣಕ್ಕೆ ನಾವು ನಿವೇಶನದ ಮಾತನ್ನು ಹೇಳಿಯೇ ಇಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆಯಷ್ಟೇ.

ಇದನ್ನು ತೋರಿಸಲು ಭಾಸ್ಕರಾಚಾರ್ಯರ ಬೀಜಗಣಿತದ ಕಪಿಗಳ ಲೆಕ್ಕಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು. ಒಂದು ಕಪಿಗಳ ಹಿಂಡು. ಅದರ ಐದನೆಯ ಒಂದು ಭಾಗದಲ್ಲಿ ಮೂರನ್ನು ಕಳೆದು, ಉಳಿದುದನ್ನು ವರ್ಗ ಮಾಡಿದರೆ ಎಷ್ಟಾಗುವುದೋ ಅಷ್ಟು ಕಪಿಗಳು ಗುಹೆಯನ್ನು ಹೊಕ್ಕಿವೆ. ಒಂದು ಮಾತ್ರ ಕೊಂಬೆಯ ಮೇಲೆ ಕಾಣಿಸುತ್ತಿದೆ. ಹಿಂಡಿನಲ್ಲಿ ಒಟ್ಟು ಎಷ್ಟು? ಸಮೀಕರಣವನ್ನು ಬಿಡಿಸಿದರೆ ಯಾ² − 55ಯಾ + 250 = 0 ಎಂದಾಗಿ, 50 ಮತ್ತು 5 ಎಂಬ ಎರಡು ಉತ್ತರಗಳು ದೊರೆಯುತ್ತವೆ. ಎರಡೂ ಧನವೇ! ತಾಳೆ ನೋಡಿರಿ. 50ರ ಐದನೆಯ ಭಾಗ 10, ಮೂರು ಕಳೆದರೆ 7, ವರ್ಗ 49, ಕೊಂಬೆಯ ಮೇಲಿನದು ಸೇರಿ 50. ಇನ್ನು 5ರ ಐದನೆಯ ಭಾಗ 1, ಮೂರು ಕಳೆದರೆ −2, ಅದರ ವರ್ಗ 4, ಒಂದು ಸೇರಿ 5. ಅಂಕಗಳ ಮಟ್ಟಿಗೆ ಎರಡೂ ನಿರ್ದುಷ್ಟ. ಆದರೆ ಒಂದು ಕಪಿಯಿಂದ ಮೂರು ಕಪಿಗಳನ್ನು ಕಳೆಯುವುದು ಹೇಗೆ? ಆಚಾರ್ಯರು ಎರಡನೆಯ ಉತ್ತರವನ್ನು ಕೈಬಿಡುತ್ತಾರೆ, ಕಾರಣವನ್ನೂ ಹೇಳುತ್ತಾರೆ: ಋಣವಾದ ವಸ್ತುವಿನಲ್ಲಿ ಲೋಕಕ್ಕೆ ನಂಬಿಕೆ ಇರುವುದಿಲ್ಲ. ಉತ್ತರ ಬಂದುದನ್ನು ಮುಚ್ಚಿಡಲಿಲ್ಲ. ಬಂದಿತು, ಇಂಥ ಕಾರಣಕ್ಕೆ ಬಿಟ್ಟೆವು ಎಂದು ದಾಖಲೆ ಮಾಡಿದರು. ‘ಋಣ ಬಂದರೆ ಬಿಡು’ ಎಂಬ ಸೂತ್ರ ಇಲ್ಲಿ ಕೆಲಸಕ್ಕೆ ಬಾರದು, ಬಿಡಬೇಕಾದ ಉತ್ತರವೇ ಧನದ ವೇಷದಲ್ಲಿ ಬಂದಿದೆ.

ಅದೇ ಗ್ರಂಥದ ಇನ್ನೊಂದು ಕಪಿಗಳ ಲೆಕ್ಕವನ್ನು ಮನೆಗೆಲಸವೆಂದು ಕೊಟ್ಟು ಆ ಸಂಜೆಯನ್ನು ಮುಗಿಸಿದೆನು: ಹಿಂಡಿನ ಎಂಟನೆಯ ಒಂದು ಭಾಗದ ವರ್ಗದಷ್ಟು ಕಪಿಗಳು ತೋಪಿನಲ್ಲಿ ಆಡುತ್ತಿವೆ, ಉಳಿದ 12 ಗುಡ್ಡದ ಮೇಲಿವೆ.

ಮಹಾವೀರಾಚಾರ್ಯರ ಮಾತೂ ನಡುವೆ ಬಂದಿತು. ನಮ್ಮ ನಾಡಿನ ರಾಷ್ಟ್ರಕೂಟ ನೃಪತುಂಗನ ಆಳ್ವಿಕೆಯಲ್ಲಿ, ಸುಮಾರು 850ರಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಆ ಜೈನ ವಿದ್ವಾಂಸರು, ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದು ಸ್ಪಷ್ಟವಾಗಿ ಹೇಳಿದವರು. “ಈಗ ಅದಕ್ಕೂ ಐತಿ ಅಜ್ಜಾ, ಕಾಂಪ್ಲೆಕ್ಸ್ ನಂಬರ್ ಅಂತ ಈ ವರ್ಷ ಪಾಠ ಐತಿ” ಎಂದಳು ಮೊಮ್ಮಗಳು. ನಾನು ಅದನ್ನು ಓದಿದವನಲ್ಲ, ಅವಳಿಂದಲೇ ಹೇಳಿಸಿಕೊಂಡೆನು. ಮಹಾವೀರರ ಆ ಗ್ರಂಥವು 2000ದಲ್ಲಿ ಕನ್ನಡಕ್ಕೆ ಬಂದಿತು; ಅನುವಾದಿಸಿದವರು ಮೈಸೂರಿನ ಗಣಿತ ಪ್ರಾಧ್ಯಾಪಕಿ ಪದ್ಮಾವತಮ್ಮನವರು. ಹೆಣ್ಣುಮಕ್ಕಳಿಗೆ ಗಣಿತವೇಕೆ ಎನ್ನುವ ಹಿರಿಯರಿಗೆ ಆ ಹೆಸರನ್ನು ಹೇಳಬೇಕೆನಿಸುತ್ತದೆ. ಆ ಹಿರಿಯರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮುಂದೆ ಹೇಳುವೆನು.

ಎರಡನೆಯ ಸಂಜೆ ಸಂಭವನೀಯತೆ. ಎರಡು ನಾಣ್ಯಗಳನ್ನು ಚಿಮ್ಮಿದಾಗ ಒಂದು ತಲೆ, ಒಂದು ಹೂ ಬೀಳುವ ಸಂಭವವೆಷ್ಟು? ಇದು ಅತ್ಯಂತ ಸುಲಭವೆಂದು ನಾನೇ ಮುಂದಾಗಿ ಹೇಳಿದೆನು: ಎರಡೂ ತಲೆ, ಎರಡೂ ಹೂ, ಅಥವಾ ಒಂದೊಂದು, ಆಗುವುದು ಮೂರು ಬಗೆ, ನಮಗೆ ಬೇಕಾದುದು ಒಂದು, ಆದುದರಿಂದ ಮೂರರಲ್ಲಿ ಒಂದು. ಮೊಮ್ಮಗಳು ತಲೆದೂಗಿದಳು. ಅಜ್ಜ ಹೇಳಿದನೆಂದ ಮೇಲೆ ಸರಿಯೇ ಇರಬೇಕು!

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. “ಅಪ್ಪಾ, ಒಂದು ರೂಪಾಯಿ ನಾಣ್ಯ ತಲಿ ಬಿದ್ದು ಎರಡು ರೂಪಾಯಿದು ಹೂ ಬಿದ್ರ ಬ್ಯಾರೆ, ಅದು ಹೂ ಆಗಿ ಇದು ತಲಿ ಆದ್ರ ಬ್ಯಾರೆ, ಅಲ್ಲೇನು? ಮೂರಲ್ಲ, ನಾಲ್ಕು ಆಗ್ತಾವು” ಎಂದಳು ನನ್ನ ಮಗಳು, ಕೈಗೆ ಹಿಟ್ಟು ಮೆತ್ತಿಕೊಂಡೇ ಬಾಗಿಲಿಗೆ ಬಂದು.

ನಾನು ಒಪ್ಪಲಿಲ್ಲ. ಎರಡೂ ಒಂದೇ ಬಗೆಯ ನಾಣ್ಯಗಳಾದರೆ ಯಾವುದು ಯಾವುದೆಂದು ತಿಳಿಯುವುದೆಂತು ಎಂದು ವಾದಿಸಿದೆನು. “ನಮಗ ತಿಳೀಲಿಕ್ಕಿಲ್ಲ, ನಾಣ್ಯಕ್ಕೇನು?” ಎಂದಳು. ವಾದ ಬೆಳೆಸುವುದಕ್ಕಿಂತ ಚಿಮ್ಮಿ ನೋಡುವುದೇ ಲೇಸೆಂದು ನಲವತ್ತು ಸಲ ಚಿಮ್ಮಿದೆವು, ಮೊಮ್ಮಗಳು ಗೆರೆ ಹಾಕಿ ಎಣಿಸಿದಳು. ನನ್ನ ಲೆಕ್ಕದಂತಾದರೆ ಒಂದೊಂದು ಬಗೆಯೂ ಹದಿಮೂರರ ಹತ್ತಿರ ಇರಬೇಕಾಗಿತ್ತು. ಮಗಳ ಲೆಕ್ಕದಂತಾದರೆ 10, 10, 20. ಬಂದದ್ದು ಎರಡೂ ತಲೆ 8, ಎರಡೂ ಹೂ 10, ಒಂದೊಂದು 22. ನಲವತ್ತು ಸಲದ ಪ್ರಯೋಗದಿಂದ ಏನೂ ಸಿದ್ಧವಾಗುವುದಿಲ್ಲವೆಂದು ಹೇಳಬಹುದಾಗಿತ್ತು, ಆದರೆ ಹೇಳುವ ಧೈರ್ಯ ನನಗಾಗಲಿಲ್ಲ. ಆಗುವ ಬಗೆಗಳನ್ನು ಎಣಿಸಿದರೆ ಸಾಲದು, ಅವು ಸಮಸಂಭವವಾಗಿರಬೇಕು. ನಾನು ಮರೆತದ್ದು ಇಷ್ಟೇ. ಫ್ರಾನ್ಸಿನ ಮಹಾಗಣಿತಜ್ಞ ದಾಲಂಬೇರನೂ 1754ರಲ್ಲಿ ವಿಶ್ವಕೋಶಕ್ಕೆ ಬರೆದ ಲೇಖನದಲ್ಲಿ ಇಂಥದೇ ತಪ್ಪು ಮಾಡಿದ್ದನು: ಎರಡು ಸಲ ಚಿಮ್ಮಿದಾಗ ಒಮ್ಮೆಯಾದರೂ ತಲೆ ಬೀಳುವ ಸಂಭವ ನಾಲ್ಕರಲ್ಲಿ ಮೂರು ಎಂಬುದನ್ನು ಒಪ್ಪದೆ, ಮೂರರಲ್ಲಿ ಎರಡು ಎಂದು ಹಿಡಿದನು. ಒಳ್ಳೆಯ ಸಂಗಾತಿಯೇ ಸಿಕ್ಕನೆಂದು ಸಮಾಧಾನಪಟ್ಟುಕೊಂಡೆನು.

ನಮ್ಮ ಮನೆಯವರು ಹಳೆಯ ಡಬ್ಬಿಯಿಂದ ಚೌಕಾಬಾರದ ಕವಡೆಗಳನ್ನು ತಂದು ಹಾಕಿದರು. ನಾಲ್ಕು ಕವಡೆಗಳು ಬೀಳುವ ಬಗೆ 16. ಅವುಗಳಲ್ಲಿ ಎರಡು ಅಂಗಾತ ಬೀಳುವ ಬಗೆ 6, ಒಂದು ಬೀಳುವುದು 4, ಮೂರು ಬೀಳುವುದು 4, ನಾಲ್ಕೂ ಅಂಗಾತವಾಗುವುದು ಒಂದೇ, ನಾಲ್ಕೂ ಬೋರಲಾಗುವುದೂ ಒಂದೇ. ಚೌಕ, ಬಾರಾಗಳು ಏಕೆ ದುರ್ಲಭವೆಂದು ಮೊಮ್ಮಗಳಿಗೆ ಒಮ್ಮೆಗೇ ಹೊಳೆಯಿತು. ಆದರೆ ಅವಳೇ ಒಂದು ಕವಡೆಯನ್ನು ತಿರುಗಿಸಿ ನೋಡಿ, “ಇದರ ಬೆನ್ನು ಉಬ್ಬೈತಿ, ಹೊಟ್ಟಿ ಚಪ್ಪಟಿ ಐತಿ. ನಾಣ್ಯದ್ಹಂಗ ಎರಡೂ ಕಡೆ ಸಮ ಬೀಳತೈತೇನು?” ಎಂದು ಕೇಳಿದಳು. 28 ಅಂಕದ ಹುಡುಗಿಯ ಪ್ರಶ್ನೆಯಿದು. ಅವಳು ಅಂದದ್ದು ಸರಿ. ಕವಡೆಗೆ ಆ 16ರ ಲೆಕ್ಕ ಹೊಂದುವುದೆಂದು ಊಹಿಸಿಕೊಳ್ಳಬಹುದೇ ಹೊರತು, ಎಸೆದು ಎಣಿಸದೆ ಹೇಳಲಾಗದು.

ಊಟವಾದ ಮೇಲೆ ನನಗೆ ನಿದ್ದೆ ಬರಲಿಲ್ಲ. 2005ರಲ್ಲಿ ನನ್ನ ಮಗಳೂ ಪಿಯುಸಿಯಲ್ಲಿ ಗಣಿತಕ್ಕೆ ನಪಾಸಾಗಿದ್ದಳು. ಮರುಪರೀಕ್ಷೆಗೆ ಕೂಡುತ್ತೇನೆಂದು ಎರಡು ಸಲ ಕೇಳಿದಳು. ಅವಳ ತಲೆಗೆ ಅದು ಹತ್ತುವುದಿಲ್ಲವೆಂದು ಪರಿಚಯದ ಅಧ್ಯಾಪಕರೊಬ್ಬರು ಹೇಳಿದ್ದರು. ನಾನು ಅವಳ ಉತ್ತರಪತ್ರಿಕೆಯನ್ನು ತರಿಸಿ ನೋಡಲಿಲ್ಲ, ಅವಳೊಡನೆ ಒಂದು ಲೆಕ್ಕ ಮಾಡಿಯೂ ನೋಡಲಿಲ್ಲ. ಅವರು ಹೇಳಿದ ಉತ್ತರದ ಕೆಳಗೆ ಎರಡು ಗೆರೆ ಎಳೆದುಬಿಟ್ಟೆನು. ಎರಡು ವರ್ಷದಲ್ಲಿ ಮದುವೆಯಾಯಿತು. ಒಳ್ಳೆಯ ಮನೆ, ಅಳಿಯಂದಿರು ಸಜ್ಜನರು, ಆ ವಿಷಯದಲ್ಲಿ ಯಾವ ಕೊರಗೂ ಇಲ್ಲ. ಅಕ್ಬರನ ಆಸ್ಥಾನದ ಫೈಜಿಯು 1587ರಲ್ಲಿ ಲೀಲಾವತಿಯನ್ನು ಪಾರಸಿಗೆ ತಂದಾಗ ಒಂದು ಕಥೆ ಹೇಳಿದ್ದಾನೆ. ಲಗ್ನದ ಗಳಿಗೆ ತಪ್ಪಿದ ಮಗಳ ದುಃಖವನ್ನು ಮರೆಸಲು ಭಾಸ್ಕರರು ಅವಳ ಹೆಸರಿನಲ್ಲಿ ಆ ಗ್ರಂಥ ಬರೆದರಂತೆ. ಮೂಲಗ್ರಂಥದಲ್ಲಿ ಆ ಕಥೆಯಿಲ್ಲ, ನಿಜವೋ ಅಲ್ಲವೋ. ಲಗ್ನ ತಪ್ಪಿದ ಮಗಳಿಗೆ ಅವರು ಗಣಿತವನ್ನು ಕೊಟ್ಟರು. ಗಣಿತ ತಪ್ಪಿದ ಮಗಳಿಗೆ ನಾನು ಲಗ್ನವನ್ನು ಕೊಟ್ಟೆನು.

ಮೂರನೆಯ ಸಂಜೆ ಮಗಳೂ ಬಂದು ಜಮಖಾನದ ಅಂಚಿಗೆ ಕುಳಿತಳು. ಕಲನಶಾಸ್ತ್ರ. ಗರಿಷ್ಠ, ಕನಿಷ್ಠಗಳ ಪಾಠ ಮುಂದಿನ ವರ್ಷದ್ದಂತೆ, ಆದರೆ ಅವಕಲನವೇಕೆ ಬೇಕೆಂಬುದು ಅಲ್ಲಿಯೇ ಕಾಣಿಸುವುದರಿಂದ ಅದನ್ನೇ ಹಿಡಿದೆವು. ಹಿತ್ತಲಿನ ಗೋಡೆಗೆ ಹೊಂದಿಸಿ ಮೂರು ಬದಿಗೆ ತಂತಿ ಕಟ್ಟಿ ಕಾಯಿಪಲ್ಲೆಯ ಮಡಿ ಮಾಡಬೇಕು. ತಂತಿ ಇರುವುದು 40 ಮೀಟರು. ಅತಿ ಹೆಚ್ಚು ಜಾಗ ಒಳಗಾಗಬೇಕಾದರೆ ಗೋಡೆಯಿಂದ ಎಷ್ಟು ದೂರ ಎಳೆಯಬೇಕು? ಚೌಕವೇ ದೊಡ್ಡದೆಂದು ಮೂವರಿಗೂ ಅನಿಸಿತು. ಸೂತ್ರಕ್ಕೆ ಕೈ ಹಾಕದೆ ಮೊದಲು ಕೋಷ್ಟಕ ಮಾಡಿಸಿದೆನು. ದೂರ 8 ಆದರೆ ಜಾಗ 8 ಗುಣಿಸು 24, ಅಂದರೆ 192. 9ಕ್ಕೆ 198. 10ಕ್ಕೆ 200. 11ಕ್ಕೆ ಮತ್ತೆ 198, 12ಕ್ಕೆ 192. ಚೌಕವಲ್ಲ, ಗೋಡೆಯ ಗುಂಟದ ಬದಿ 20, ದೂರ 10! ಗೋಡೆಯು ಒಂದು ಬದಿಯನ್ನು ಪುಕ್ಕಟೆಯಾಗಿ ಕೊಟ್ಟದ್ದೇ ಇದಕ್ಕೆ ಕಾರಣ.

ಮಗಳು ಕೋಷ್ಟಕದ ಪಕ್ಕದಲ್ಲಿ ಹೆಚ್ಚಳವನ್ನು ಬರೆದಳು: 6, 2, ಋಣ 2, ಋಣ 6. “ಹೆಚ್ಚಾಗೂದ ನಾಲ್ಕ್ ನಾಲ್ಕು ಕಡಿಮಿ ಆಗಾಕತ್ತೈತಿ” ಎಂದಳು. ಅವಕಲನವು ಹೇಳುವುದೂ ಅದನ್ನೇ. ಜಾಗ 40ಯಾ − 2ಯಾ². ಅದು ಬದಲಾಗುವ ವೇಗ 40 − 4ಯಾ. ಪ್ರತಿ ಮೀಟರಿಗೆ ವೇಗ 4ರಂತೆ ಇಳಿದು, ಯಾ ಹತ್ತಾದಾಗ ಸೊನ್ನೆ. ಅಲ್ಲಿಯವರೆಗೆ ಬೆಳೆಯುತ್ತಿದ್ದ ಜಾಗ ಅಲ್ಲಿಂದ ಮುಂದೆ ಕುಗ್ಗುತ್ತದೆ. ಭಾಸ್ಕರರು 1150ರಲ್ಲಿ ಸಿದ್ಧಾಂತಶಿರೋಮಣಿಯಲ್ಲಿ ‘ತಾತ್ಕಾಲಿಕ ಗತಿ’ ಎಂದುದು ಇದೇ ವಿಚಾರದ ಮೊಳಕೆ: ಚಂದ್ರನ ನಡಿಗೆ ಕ್ಷಣಕ್ಷಣಕ್ಕೂ ಬೇರೆಯಾಗುವುದರಿಂದ, ಇಂದಿನ ಸ್ಥಾನವನ್ನು ನಾಳಿನದರಲ್ಲಿ ಕಳೆದು ಬಂದ ದಿನಗತಿ ಸಾಲದು, ಆ ಹೊತ್ತಿನ ಗತಿ ಬೇಕು. ಹಾಗೆಂದು ಎಲ್ಲವೂ ನಮ್ಮಲ್ಲಿಯೇ ಇತ್ತೆನ್ನುವ ಮಾತು ನನಗೆ ಸೇರದು. ಕೇರಳದ ಮಾಧವ ಮತ್ತು ಅವನ ಶಿಷ್ಯಪರಂಪರೆ ಅದನ್ನು ಬಹುದೂರ ಒಯ್ದಿತು, ನಿಜ. ಆದರೆ ಶಾಸ್ತ್ರವಾಗಿ ಕಟ್ಟಿನಿಲ್ಲಿಸಿದವರು ಹದಿನೇಳನೆಯ ಶತಮಾನದ ನ್ಯೂಟನ್ ಮತ್ತು ಲೈಬ್ನಿಟ್ಸ್.

ವರ್ಗಪೂರ್ಣ ಮಾಡಿದರೂ ಇದೇ ಉತ್ತರ ಬರುತ್ತದೆ. ಜಾಗವೆಂಬುದು 200 − 2(ಯಾ − 10)². ವರ್ಗವು ಎಂದೂ ಋಣವಾಗದು, ಆದ್ದರಿಂದ 200ಕ್ಕಿಂತ ಹೆಚ್ಚು ಸಾಧ್ಯವಿಲ್ಲ. “ಹಂಗಾದ್ರ ಹೊಸಾದು ಯಾಕ ಬೇಕು?” ಎಂದಳು ಮೊಮ್ಮಗಳು. ಹಳೆಯ ಕ್ಯಾಲೆಂಡರಿನ ಹಾಳೆಯಿಂದ 12 ಅಂಗುಲದ ಚೌಕವನ್ನು ಕತ್ತರಿಸಿ, ನಾಲ್ಕು ಮೂಲೆಗಳಲ್ಲಿ ಸಮನಾದ ಚೌಕಗಳನ್ನು ತೆಗೆದು ಮಡಚಿ ಪೆಟ್ಟಿಗೆ ಮಾಡಿಸಿದೆನು. ಎಷ್ಟು ಅಂಗುಲ ತೆಗೆದರೆ ಹೆಚ್ಚು ಕಾಳು ಹಿಡಿದೀತು? ಇಲ್ಲಿ ಘನ ಬರುವುದರಿಂದ ವರ್ಗಪೂರ್ಣದ ಉಪಾಯ ನಡೆಯದು. ಅವಕಲಿಸಿದರೆ ಮತ್ತೆ ನಮ್ಮ ಹಳೆಯ ವರ್ಗ ಸಮೀಕರಣವೇ ಎದುರಾಗಿ, 2 ಮತ್ತು 6 ಎಂಬ ಉತ್ತರಗಳು ಬಂದವು. ನಾನು ಕೇಳುವ ಮೊದಲೇ ಮೊಮ್ಮಗಳು ತಾಳೆ ನೋಡಿದಳು: 2 ಆದರೆ 2 ಗುಣಿಸು 8 ಗುಣಿಸು 8, ಅಂದರೆ 128 ಘನ ಅಂಗುಲ. 6 ಆದರೆ ತಳವೇ ಉಳಿಯುವುದಿಲ್ಲ. “ಐದು ಕಪಿ ಬಂದ್ವು, ಅಜ್ಜಾ” ಎಂದಳು.

ಮರುದಿನ ಅಳಿಯಂದಿರಿಗೆ ಫೋನು ಮಾಡಿದೆನು. ಒಪ್ಪಿಸುತ್ತೇನೆಂದು ಕೊಟ್ಟ ಮಾತನ್ನು ನಡೆಸಿಕೊಡಲಾರೆನೆಂದೂ, ವಾರ್ಷಿಕ ಪರೀಕ್ಷೆಯವರೆಗೆ ಏನನ್ನೂ ನಿಶ್ಚಯಿಸಬಾರದೆಂದೂ, ಪ್ರತಿ ಭಾನುವಾರ ಹುಡುಗಿಯನ್ನು ಒಂದು ತಾಸು ಫೋನಿನಲ್ಲಿ ನನಗೆ ಬಿಟ್ಟುಕೊಡಬೇಕೆಂದೂ ಕೇಳಿಕೊಂಡೆನು. ‘ನೋಡೋಣ’ ಎಂದಿದ್ದಾರೆ. ಮಗಳು ಅಂದೇ ಸಂಜೆ ಹೊರಟಳು. ಬಸ್ಸಿಗೆ ಬಿಟ್ಟುಬಂದು ಪಡಸಾಲೆಯನ್ನು ಓರಣ ಮಾಡುವಾಗ ಕ್ಯಾಲೆಂಡರಿನ ಉಳಿದ ತುಂಡು ಕೈಗೆ ಸಿಕ್ಕಿತು. ಅದರ ಬೆನ್ನಿಗೆ, ಮೊದಲ ಸಂಜೆ ಕೊಟ್ಟ ಕಪಿಗಳ ಲೆಕ್ಕ. ಉತ್ತರ 48 ಮತ್ತು 16. ಎರಡಕ್ಕೂ ತಾಳೆ ಬರೆದಿತ್ತು, ‘ಇಲ್ಲಿ ಎರಡೂ ನಡೆಯುತ್ತವೆ’ ಎಂಬ ಟಿಪ್ಪಣಿಯೂ ಇತ್ತು. ಅಕ್ಷರ ಮೊಮ್ಮಗಳದಲ್ಲ, ಅವಳ ತಾಯಿಯದು.